ತಲೆಹೊಟ್ಟು ಕೊಳೆಯಲ್ಲ, ಮಕ್ಕಳೇ

ಹೋದ ಚಳಿಗಾಲದಲ್ಲಿ ಮಳವಳ್ಳಿ ಕಡೆಯ ಒಂದು ಹಳ್ಳಿಯಿಂದ ತಾಯಿ ಮಗಳು ನನ್ನ ಹತ್ತಿರ ಬಂದಿದ್ದರು. ಮಗಳು ಪ್ರಥಮ ಪಿಯುಸಿ ಓದುತ್ತಿದ್ದಳು. ಕುಳಿತ ಕೂಡಲೇ ತಾಯಿ ಮಾತು ಶುರು ಮಾಡಿದರು. "ಇವಳ ತಲೆ ಒಣಗಿ ಹೋಗೈತೆ ಡಾಕ್ಟರ್ ಆಪಾ, ಎಷ್ಟು ಎಣ್ಣೆ ಹಚ್ಚಿದ್ರೂ ಸಾಲ್ದು." ಮಗಳು ನೆಲ ನೋಡುತ್ತಾ ಕುಳಿತಿದ್ದಳು. ಬಾಗಿಲು ಹಾಕಿಸಿ, ಸ್ಕಾರ್ಫ್ ತೆಗೆಯಮ್ಮ ಎಂದೆ. ಒಳಗೆ ಇನ್ನೊಂದು ಸ್ಕಾರ್ಫ್ ಇತ್ತು. ಅದನ್ನೂ ತೆಗೆದಾಗ ಭುಜದ ಮೇಲೆ ಅಕ್ಕಿ ನುಚ್ಚಿನಂತೆ ಬಿಳಿ ಪುಡಿ ಉದುರಿತು. ಹುಡುಗಿಯ ಕಣ್ಣು ತುಂಬಿತು.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದ ಮೇಲೆ ಅವಳು ಹೇಳಿದ ಮಾತು ನನ್ನನ್ನು ಈ ಲೇಖನ ಬರೆಯಲು ಕೂರಿಸಿದೆ. ಸಂಜೆಯ ಮದ್ರಸದಲ್ಲಿ ವುಝೂ ಮಾಡುವಾಗ ಸ್ಕಾರ್ಫ್ ಸರಿಸಿ ತಲೆಗೆ ಮಸಹ್ ಮಾಡಬೇಕಲ್ಲ, ಆಗ ಪಕ್ಕದ ಗೆಳತಿಯೊಬ್ಬಳು ನೋಡಿ, "ನೀನು ಸ್ನಾನ ಮಾಡಲ್ವಾ?" ಎಂದಿದ್ದಳಂತೆ. ಅಂದಿನಿಂದ ಎಲ್ಲರದ್ದೂ ಮುಗಿದ ಮೇಲೆ ಕೊನೆಯಲ್ಲಿ ವುಝೂ ಮಾಡತೊಡಗಿದಳು. ಆಮೇಲೆ ಮದ್ರಸಕ್ಕೆ ಹೋಗುವುದನ್ನೇ ನಿಲ್ಲಿಸಿದಳು. ತಲೆ ತೊಳೆಯದ ದಿನ ಕಾಲೇಜಿಗೂ ಚಕ್ಕರ್. ಕೊನೆಗೆ ಕೇಳಿದಳು: "ನಾನು ನಾಪಾಕಾ ಆಪಾ? ಈ ಹೊಟ್ಟು ಇಟ್ಕೊಂಡು ಮಾಡಿದ ನಮಾಝ್ ಆಗುತ್ತಾ?"

ಈ ಪ್ರಶ್ನೆಗೆ ಉತ್ತರ ಮೊದಲು ಕೊಡಬೇಕು, ಔಷಧಿ ಆಮೇಲೆ. ತಲೆಹೊಟ್ಟು ಎಂದರೆ ನೆತ್ತಿಯ ಮೇಲ್ಪದರದ ಸತ್ತ ಚರ್ಮದ ಚೂರುಗಳು. ಅದು ಮಲಿನವಲ್ಲ, ನಜಿಸ್ ಅಲ್ಲ. ನಾನು ಹಕೀಮಳು, ಮುಫ್ತಿಯಲ್ಲ. ಆದ್ದರಿಂದ ಆ ಹುಡುಗಿಯ ಎದುರಿನಲ್ಲೇ ನಮ್ಮೂರಿನ ಹಿರಿಯ ಆಲಿಮರೊಬ್ಬರಿಗೆ ಫೋನ್ ಮಾಡಿ ಕೇಳಿದೆ. ಅದರಿಂದ ವುಝೂವಿಗಾಗಲಿ ನಮಾಝಿಗಾಗಲಿ ಯಾವ ತೊಂದರೆಯೂ ಇಲ್ಲ, ಮದ್ರಸಕ್ಕೆ ಬರಲು ಹೇಳಿ ಎಂದರು. ಆ ಮಾತಿಗೆ ಅವಳ ಮುಖ ಅರಳಿದಷ್ಟು ನಾನು ಬರೆದುಕೊಟ್ಟ ಚೀಟಿಗೆ ಅರಳಲಿಲ್ಲ.

ಹಾಗಾಗಿ ಮದ್ದೂರು, ಮಂಡ್ಯ, ಮಳವಳ್ಳಿಯ ಮನೆಗಳಲ್ಲಿ ಇದನ್ನು ಓದುತ್ತಿರುವ ಹದಿಹರೆಯದ ಹುಡುಗ ಹುಡುಗಿಯರಿಗೆ, ಮತ್ತು ಅವರ ಅಮ್ಮಿ ಅಬ್ಬಾ ಅವರಿಗೆ, ನಾಲ್ಕು ಮಾತು.

ಇದು ಈ ವಯಸ್ಸಿಗೇ ಏಕೆ ಬರುತ್ತದೆ?

ಹತ್ತು ವರ್ಷದವರೆಗೆ ತಲೆ ಸ್ವಚ್ಛವಾಗಿದ್ದ ಮಗುವಿಗೆ ಹದಿಮೂರು ಹದಿನಾಲ್ಕಕ್ಕೆ ಹೊಟ್ಟು ಶುರುವಾದರೆ, ಮಗು ಕೊಳಕಾಯಿತು ಎಂದು ತಿಳಿಯಬೇಡಿ. ಮಗು ಬೆಳೆಯುತ್ತಿದೆ, ಅಷ್ಟೇ. ಆ ವಯಸ್ಸಿನಲ್ಲಿ ದೇಹದ ಹಾರ್ಮೋನುಗಳು ಎಚ್ಚರಗೊಳ್ಳುತ್ತವೆ. ಅವು ಚರ್ಮದ ಜಿಡ್ಡಿನ ಗ್ರಂಥಿಗಳನ್ನು ಕೆಲಸಕ್ಕೆ ಹಚ್ಚುತ್ತವೆ. ಮುಖದಲ್ಲಿ ಮೊಡವೆ, ನೆತ್ತಿಯಲ್ಲಿ ಜಿಡ್ಡು, ಎರಡೂ ಒಂದೇ ಕಾರಣದಿಂದ ಬರುತ್ತವೆ. ಹುಡುಗರಿಗೆ ಸ್ವಲ್ಪ ಹೆಚ್ಚು.

ನಮ್ಮೆಲ್ಲರ ನೆತ್ತಿಯ ಮೇಲೂ ಮಲಸೇಝಿಯಾ ಎಂಬ ಅತಿ ಸಣ್ಣ ಶಿಲೀಂಧ್ರ ಇರುತ್ತದೆ. ಫ್ರಾನ್ಸಿನ ಮಲಸೇ ಎಂಬ ವೈದ್ಯ 1874ರಲ್ಲಿ ತಲೆಹೊಟ್ಟಿನಲ್ಲಿ ಇದನ್ನು ಕಂಡು ವರ್ಣಿಸಿದ ಕಾರಣ ಅವರ ಹೆಸರೇ ಅದಕ್ಕೆ ಬಂತು. 2007ರಲ್ಲಿ ವಿಜ್ಞಾನಿಗಳು ಇದರ ವಂಶವಾಹಿಯನ್ನು ಪೂರ್ತಿ ಓದಿದಾಗ ಸ್ವಾರಸ್ಯದ ಸಂಗತಿಯೊಂದು ತಿಳಿಯಿತು. ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಇದಕ್ಕಿಲ್ಲ. ನಮ್ಮ ನೆತ್ತಿಯ ಜಿಡ್ಡೇ ಇದರ ಊಟ. ಜಿಡ್ಡನ್ನು ತಿಂದು ಓಲಿಯಿಕ್ ಆಮ್ಲವನ್ನು ಉಳಿಸಿ ಹೋಗುತ್ತದೆ. ಕೆಲವರ ಚರ್ಮಕ್ಕೆ ಆ ಆಮ್ಲ ಒಗ್ಗುವುದಿಲ್ಲ. ಅದು ಕೆರಳಿ ತುರಿಸುತ್ತದೆ. ತಿಂಗಳೊಂದರಲ್ಲಿ ಕಣ್ಣಿಗೆ ಕಾಣದಂತೆ ಉದುರಬೇಕಾದ ಚರ್ಮ ಅವಸರವಾಗಿ, ಗುಂಪುಗುಂಪಾಗಿ ಉದುರುತ್ತದೆ. ಅದೇ ಹೊಟ್ಟು.

ಶಿಲೀಂಧ್ರ ಎಲ್ಲರ ತಲೆಯಲ್ಲೂ ಇದೆ, ಕೆರಳುವ ಚರ್ಮ ಕೆಲವರಿಗೆ ಮಾತ್ರ. ಆದ್ದರಿಂದ ಒಂದೇ ಬಾಚಣಿಗೆ ಬಳಸಿದ ಅಕ್ಕ ತಂಗಿಯರಲ್ಲಿ ಒಬ್ಬಳಿಗೆ ಹೊಟ್ಟು ಇದ್ದು ಇನ್ನೊಬ್ಬಳಿಗೆ ಇಲ್ಲದಿರಬಹುದು. ಇದು ಅಂಟುವ ರೋಗವಲ್ಲ. ಪಕ್ಕದಲ್ಲಿ ಕೂತರೆ ಬರುವುದಿಲ್ಲ, ಒಂದೇ ದಿಂಬಿಗೆ ತಲೆ ಇಟ್ಟರೂ ಬರುವುದಿಲ್ಲ. ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬದುಕಿನ ಯಾವುದೋ ಕಾಲದಲ್ಲಿ ಇದು ಇದ್ದೇ ಇರುತ್ತದೆ. ನಿಮ್ಮ ತರಗತಿಯಲ್ಲಿ ನಿಮ್ಮೊಬ್ಬರಿಗೇ ಇದೆ ಎಂದುಕೊಂಡಿದ್ದರೆ, ಬಿಳಿ ಶರ್ಟು ಹಾಕಿಕೊಂಡು ಬಚಾವಾಗುತ್ತಿರುವ ಹತ್ತು ಜನ ನಿಮ್ಮ ಸುತ್ತಲೇ ಇದ್ದಾರೆ.

ಯುನಾನಿ ಗ್ರಂಥಗಳಲ್ಲಿ ಇದಕ್ಕೆ ಹಜಾಜ್, ಬಫಾ ಎಂಬ ಹೆಸರುಗಳಿವೆ. ಮನೆಯ ಉರ್ದುವಿನಲ್ಲಿ ರೂಸಿ ಎನ್ನುತ್ತೇವೆ. ಸಾವಿರ ವರ್ಷದ ಹಿಂದೆಯೇ ಇಬ್ನ್ ಸೀನಾ ಅವರು ಇದರ ಬಗ್ಗೆ ಬರೆದಿದ್ದಾರೆ. ನಮ್ಮ ಹಳೆಯ ಹಕೀಮರು ಶೋರ್ ಬಲ್ಗಮ್, ಅಂದರೆ ಉಪ್ಪು ಗುಣದ ಕಫ, ನೆತ್ತಿಯಲ್ಲಿ ಸೇರಿ ಚರ್ಮವನ್ನು ಕೆಡಿಸುತ್ತದೆ ಎಂದು ಭಾವಿಸಿದ್ದರು. ಅವರ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ. ಆದರೆ ಚಿಕಿತ್ಸೆಯಲ್ಲಿ ಅವರು ಹಿಡಿದ ದಾರಿ ಸರಿಯಾಗಿತ್ತು. ಮೊದಲ ಕೆಲಸ ತನ್ಖಿಯಾ, ಅಂದರೆ ಶುದ್ಧಿ. ಅದಕ್ಕೆ ಜಾಲಿ ಗುಣದ, ಎಂದರೆ ತೊಳೆದು ತೆಗೆಯುವ ಗುಣದ, ಮದ್ದುಗಳನ್ನು ಹೇಳಿದರು. ಕಡಲೆ ಹಿಟ್ಟು, ಖತ್ಮಿ, ಮೆಂತ್ಯ, ಸಿರ್ಕಾ ಇವೆಲ್ಲ ಆ ಸಾಲಿನವು.

ಎಣ್ಣೆಯ ವಿಚಾರ

ಈಗ ಬಹಳ ಮನೆಗಳಲ್ಲಿ ಜಗಳ ತರುವ ಮಾತು ಹೇಳುತ್ತೇನೆ. ನಾನಿಮಾ ದಾದಿಮಾಗಳು ಕ್ಷಮಿಸಬೇಕು.

ಬಿಳಿ ಪುಡಿ ಕಂಡ ಕೂಡಲೇ ತಲೆ ಒಣಗಿದೆ ಎಂದು ತಿಳಿದು ಎಣ್ಣೆ ಸುರಿಯುತ್ತೇವೆ. ಎಣ್ಣೆ ಹಚ್ಚಿದ ಹೊತ್ತಿಗೆ ಹೊಟ್ಟು ಕೂದಲಿಗೆ ಅಂಟಿಕೊಂಡು ಕಾಣದಂತಾಗುತ್ತದೆ. ಗುಣವಾಯಿತು ಎಂದುಕೊಳ್ಳುತ್ತೇವೆ. ಮೂರನೇ ದಿನಕ್ಕೆ ಇನ್ನೂ ದಪ್ಪವಾಗಿ, ಹಳದಿ ಜಿಡ್ಡಿನ ಹಾಗೆ ಎದ್ದು ಬರುತ್ತದೆ. ಮತ್ತೆ ಎಣ್ಣೆ. ಮೇಲೆ ಹೇಳಿದ್ದನ್ನು ನೆನಪಿಸಿಕೊಳ್ಳಿ: ಜಿಡ್ಡು ಆ ಶಿಲೀಂಧ್ರದ ಊಟ. ರಾತ್ರಿಯಿಡೀ ನೆತ್ತಿಯಲ್ಲಿ ಎಣ್ಣೆ ಬಿಟ್ಟು, ಮೇಲೆ ಬಿಗಿಯಾಗಿ ಜಡೆ ಹಾಕಿ, ಅದರ ಮೇಲೆ ಸ್ಕಾರ್ಫ್ ಕಟ್ಟಿದರೆ ಅದಕ್ಕೆ ದಾವತ್ ಕೊಟ್ಟಂತೆ. ನಾನೂ ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಎಲ್ಲರಿಗೂ ಎಣ್ಣೆಯನ್ನೇ ಬರೆಯುತ್ತಿದ್ದೆ. ಅದೇ ಮಕ್ಕಳು ತಿಂಗಳು ಬಿಟ್ಟು ಕೆಂಪಾದ ನೆತ್ತಿಯೊಂದಿಗೆ ಮರಳಿ ಬಂದಾಗ ನನ್ನ ತಪ್ಪು ನನಗೆ ತಿಳಿಯಿತು.

ಜೈತೂನ್ ಎಣ್ಣೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಬರಕತ್ತಿನ ಎಣ್ಣೆ, ಸುನ್ನತ್ತಿನಲ್ಲಿ ಅದಕ್ಕೆ ಸ್ಥಾನವಿದೆ, ತಿನ್ನಲು ಒಳ್ಳೆಯದು, ಒಡೆದ ಹಿಮ್ಮಡಿಗೆ ಒಳ್ಳೆಯದು. ಆದರೆ ಅದರ ಹೆಚ್ಚಿನ ಭಾಗ ಓಲಿಯಿಕ್ ಆಮ್ಲವೇ. ಹೊಟ್ಟಿರುವ ನೆತ್ತಿಯನ್ನು ಕೆರಳಿಸುವ ವಸ್ತು ಅದೇ. ಒಳ್ಳೆಯ ವಸ್ತುವೆಂದ ಮಾತ್ರಕ್ಕೆ ಎಲ್ಲ ರೋಗಕ್ಕೂ ಎಲ್ಲ ಜಾಗಕ್ಕೂ ಹಚ್ಚಬೇಕೆಂದಿಲ್ಲ. ಜೇನು ಒಳ್ಳೆಯದೆಂದು ಕಣ್ಣಿಗೆ ಹಾಕಿಕೊಂಡು ಕೆಂಪು ಮಾಡಿಕೊಂಡು ಬಂದವರನ್ನೂ ನೋಡಿದ್ದೇನೆ.

ಹಾಗಾದರೆ ಎಣ್ಣೆ ಬೇಡವೇ ಬೇಡವೇ? ಹಾಗಲ್ಲ. ಕೂದಲಿಗೆ ಹಚ್ಚಿ, ನೆತ್ತಿಗೆ ಬೇಡ. ಉದ್ದ ಕೂದಲಿನ ಹುಡುಗಿಯರು ತಲೆ ತೊಳೆಯುವ ಒಂದು ಗಂಟೆ ಮೊದಲು ಕೂದಲ ಉದ್ದಕ್ಕೂ, ತುದಿಗಳಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಬಹುದು. ಸಿಕ್ಕು ಬಿಡಿಸಲು ಸುಲಭ. ಹೊಟ್ಟು ಪೂರ್ತಿ ಹತೋಟಿಗೆ ಬಂದ ಮೇಲೆ ವಾರಕ್ಕೊಮ್ಮೆ ನೆತ್ತಿಗೆ ಸ್ವಲ್ಪ ಹಚ್ಚಿ ಅಂದೇ ತೊಳೆದುಕೊಂಡರೆ ನನ್ನ ಅಭ್ಯಂತರವಿಲ್ಲ. ಕೂದಲಿರುವವರು ಅದನ್ನು ಗೌರವದಿಂದ ನೋಡಿಕೊಳ್ಳಬೇಕು ಎಂಬುದು ಪ್ರವಾದಿಯವರ (ಸ) ಬೋಧನೆ. ತೊಳೆದು, ಬಾಚಿ, ಒಪ್ಪವಾಗಿ ಇಟ್ಟುಕೊಳ್ಳುವುದರಲ್ಲಿ ಆ ಗೌರವವಿದೆ.

ನಮ್ಮ ಜಿಲ್ಲೆಯ ನೀರು

ಬೆಂಗಳೂರಿಗೆ ಹೋಗುವ ಕಾವೇರಿ ನೀರನ್ನು ಪಂಪ್ ಮಾಡುವುದು ನಮ್ಮದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಆದರೂ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸ್ನಾನಕ್ಕೆ ಬೋರ್‌ವೆಲ್ ನೀರೇ ಗತಿ. ಬಕೆಟ್ಟಿನ ಅಂಚಿನಲ್ಲಿ, ಗೀಸರ್ ಕಾಯಿಲಿನಲ್ಲಿ, ಹಂಡೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದನ್ನು ನೋಡಿರುತ್ತೀರಿ. ಅದು ಗಡಸು ನೀರು. ಅದರಲ್ಲಿ ಸೋಪು ನೊರೆ ಬರುವುದಿಲ್ಲ. ನೀರಿನ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಅಂಟಾದ ಬಿಳಿ ಗಸಿಯಾಗುತ್ತದೆ.

ನಮ್ಮ ಹುಡುಗರು ಏನು ಮಾಡುತ್ತಾರೆ? ಮೈಗೆ ಹಚ್ಚಿದ ಅದೇ ಸೋಪನ್ನು ತಲೆಗೂ ತಿಕ್ಕಿ ಎರಡು ಚೊಂಬು ನೀರು ಸುರಿದು ಹೊರಗೆ ಬರುತ್ತಾರೆ. ಆ ಗಸಿ ನೆತ್ತಿಯಲ್ಲೇ ಉಳಿದು, ಒಣಗಿ, ಬಾಚುವಾಗ ಪುಡಿಯಾಗಿ ಉದುರುತ್ತದೆ. ಅರ್ಧ ಜನರ ಹೊಟ್ಟು ಹೊಟ್ಟೇ ಅಲ್ಲ, ಸೋಪಿನ ಗಸಿ ಎಂದರೂ ತಪ್ಪಿಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆದ್ದರಿಂದ ಮೊದಲ ಪರೀಕ್ಷೆ ಇದು: ಎರಡು ವಾರ ತಲೆಗೆ ಮೈಸೋಪು ಬಂದ್ ಮಾಡಿ. ಯಾವುದಾದರೂ ಸಾಧಾರಣ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಶಾಂಪೂ ಗಡಸು ನೀರಿನಲ್ಲೂ ಅಂಥ ಗಸಿ ಬಿಡುವುದಿಲ್ಲ. ನಲ್ಲಿಯಲ್ಲಿ ಕಾವೇರಿ ನೀರು ಬರುವ ದಿನವನ್ನೇ ತಲೆ ತೊಳೆಯುವ ದಿನ ಮಾಡಿಕೊಳ್ಳಿ. ಅದಾಗದಿದ್ದರೆ ಕುದಿಸಿ ಆರಿಸಿ ತಿಳಿಯಾದ ಒಂದು ಚೊಂಬು ನೀರನ್ನು ಕೊನೆಗೆ ಸುರಿದುಕೊಳ್ಳಲು ಇಟ್ಟುಕೊಳ್ಳಿ. ಕುದಿಸಿದರೆ ಗಡಸುತನ ಒಂದಷ್ಟು ಇಳಿಯುತ್ತದೆ. ಮಳೆ ನೀರು ಸಿಕ್ಕರಂತೂ ಕೇಳುವುದೇ ಬೇಡ.

ತಲೆಗೆ ಸುಡುವ ಬಿಸಿನೀರು ಬೇಡ. ಉಗುರುಬೆಚ್ಚಗಿದ್ದರೆ ಸಾಕು. ಉಗುರಿನಿಂದ ಕೆರೆಯಬೇಡಿ, ಬೆರಳ ತುದಿಯಿಂದ ತಿಕ್ಕಿ.

ಎಷ್ಟು ದಿನಕ್ಕೊಮ್ಮೆ? ಜುಮಾ ದಿನ ಮಾತ್ರ ತಲೆಗೆ ನೀರು ಎಂಬುದು ನಮ್ಮ ಬಹಳ ಮನೆಗಳ ರೂಢಿ. ಜುಮಾದ ಗುಸ್ಲ್ ಒಳ್ಳೆಯ ಅಭ್ಯಾಸ. ಆದರೆ ಹದಿಹರೆಯದ ಜಿಡ್ಡು ತಲೆಗೆ ವಾರಕ್ಕೆ ಒಂದು ಸಲ ಸಾಲದು. ವಾರಕ್ಕೆ ಎರಡು ಮೂರು ಸಲ ಬೇಕು. ಹುಡುಗರು ಆಟವಾಡಿ ಬೆವೆತ ದಿನ ತೊಳೆದರೂ ಸರಿ. ಹೆಚ್ಚು ತೊಳೆದರೆ ಕೂದಲು ಉದುರುತ್ತದೆ ಎನ್ನುವುದು ತಪ್ಪು ಕಲ್ಪನೆ. ಉದುರುವ ಕಾಲ ಬಂದ ಕೂದಲು ತೊಳೆಯುವಾಗ ಕೈಗೆ ಬರುತ್ತದೆ, ಅಷ್ಟೇ. ಮುಟ್ಟಿನ ದಿನಗಳಲ್ಲಿ ತಲೆಗೆ ನೀರು ಹಾಕಿದರೆ ಗರ್ಭಕೋಶಕ್ಕೆ ತಂಪಾಗುತ್ತದೆ ಎಂದು ಹುಡುಗಿಯರನ್ನು ಏಳು ದಿನ ಹಾಗೇ ಬಿಡುವುದಿದೆ. ಅದಕ್ಕೆ ವೈದ್ಯಕೀಯದಲ್ಲಿ ಆಧಾರವಿಲ್ಲ. ಆ ದಿನಗಳಲ್ಲೂ ತಲೆ ತೊಳೆಯಬಹುದು.

ಔಷಧಿ ಶಾಂಪೂ ಹಾಕುವ ಕ್ರಮ

"ಹಕೀಮರಾಗಿ ನೀವೇ ಶಾಂಪೂ ಬರೀತೀರಾ?" ಎಂದು ಆ ತಾಯಿ ಕೇಳಿದರು. ಬರೆಯುತ್ತೇನೆ. ಗುಣವಾಗುವುದು ಮುಖ್ಯ. ಸಾಧಾರಣ ಶಾಂಪೂವಿನಿಂದ ಎರಡು ಮೂರು ವಾರದಲ್ಲಿ ಹತೋಟಿಗೆ ಬರದಿದ್ದರೆ ಔಷಧಿ ಶಾಂಪೂ ಬೇಕು. ಮೆಡಿಕಲ್ ಸ್ಟೋರಿನಲ್ಲಿ ಹೆಸರು ನೂರಿದ್ದರೂ ಒಳಗಿನ ಮದ್ದು ನಾಲ್ಕೈದೇ. ಕೀಟೋಕೊನಜೋಲ್, ಜಿಂಕ್ ಪೈರಿಥಿಯೋನ್, ಸೆಲೆನಿಯಮ್ ಸಲ್ಫೈಡ್ ಇವು ಶಿಲೀಂಧ್ರವನ್ನು ತಗ್ಗಿಸುತ್ತವೆ. ಸ್ಯಾಲಿಸಿಲಿಕ್ ಆಮ್ಲ ಗಟ್ಟಿ ಪದರವನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಜಾಹೀರಾತಿನ ಮುಖ ನೋಡಬೇಡಿ, ಬಾಟಲಿಯ ಹಿಂದೆ ಬರೆದಿರುವ ಈ ಹೆಸರನ್ನು ನೋಡಿ.

ಹನ್ನೆರಡು ದಾಟಿದ ಮಕ್ಕಳಿಗೆ ನಾನು ಸಾಮಾನ್ಯವಾಗಿ ಹೇಳುವುದು ಶೇಕಡಾ 2ರ ಕೀಟೋಕೊನಜೋಲ್. ಅದಕ್ಕಿಂತ ಚಿಕ್ಕವರಿಗೆ ವೈದ್ಯರಿಗೆ ತೋರಿಸದೆ ತರಬೇಡಿ. ಬಹಳ ಜನ ಸೋಲುವುದು ಮದ್ದಿನಲ್ಲಲ್ಲ, ಹಾಕುವ ರೀತಿಯಲ್ಲಿ. ಕೂದಲಿಗೆ ಹಚ್ಚಿ, ನೊರೆ ಬಂದ ಕೂಡಲೇ ತೊಳೆದುಬಿಡುತ್ತಾರೆ. ಮದ್ದು ಕೆಲಸ ಮಾಡಬೇಕಾದದ್ದು ನೆತ್ತಿಯ ಚರ್ಮದ ಮೇಲೆ. ತಲೆ ಒದ್ದೆ ಮಾಡಿ, ಬೆರಳಿನಿಂದ ಬೈತಲೆ ಬೈತಲೆಯಾಗಿ ಬಿಡಿಸಿಕೊಂಡು, ನೆತ್ತಿಗೆ ತಾಗುವಂತೆ ಹಚ್ಚಿ. ಕಿವಿಯ ಹಿಂದೆ, ಹಣೆಯಂಚು, ಕುತ್ತಿಗೆಯ ಮೇಲ್ಭಾಗ ಮರೆಯಬೇಡಿ. ಹಚ್ಚಿದ ಮೇಲೆ ಐದು ನಿಮಿಷ ಹಾಗೇ ಬಿಡಬೇಕು. ಗಡಿಯಾರ ನೋಡಿ ಐದು ನಿಮಿಷ. ಆ ಹೊತ್ತಿನಲ್ಲಿ ಮೈ ತೊಳೆದುಕೊಳ್ಳಿ. ಆಮೇಲೆ ನೀರು ಜಾರು ಬಿಡುವವರೆಗೂ ತೊಳೆಯಿರಿ. ವಾರಕ್ಕೆ ಎರಡು ಸಲ, ನಾಲ್ಕು ವಾರ. ನಡುವಿನ ದಿನ ಬೇಕಾದರೆ ಸಾಧಾರಣ ಶಾಂಪೂ.

ನಾಲ್ಕು ವಾರದಲ್ಲಿ ಹೊಟ್ಟು ಹೋದ ಮೇಲೆ ಬಾಟಲಿ ಎಸೆಯಬೇಡಿ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹಾಕುತ್ತಿರಬೇಕು. ಜಿಡ್ಡೂ ಇರುತ್ತದೆ, ಶಿಲೀಂಧ್ರವೂ ಇರುತ್ತದೆ. ಬೇರು ಸಹಿತ ಕಿತ್ತು ಹಾಕುತ್ತೇವೆ, ಒಂದೇ ವಾರದಲ್ಲಿ ಶಾಶ್ವತ ಪರಿಹಾರ ಎನ್ನುವ ಯಾರನ್ನೂ ನಂಬಬೇಡಿ, ಅವರು ಅಲೋಪತಿಯವರಾಗಲಿ, ನಮ್ಮ ಪದ್ಧತಿಯವರೇ ಆಗಲಿ.

ಅಂಗಡಿಯವರು ಕೊಡುವ ಮೂರು ನಾಲ್ಕು ಮದ್ದು ಬೆರೆತ ಟ್ಯೂಬ್ ಕ್ರೀಮುಗಳನ್ನು ತಲೆಗೆ ಹಚ್ಚಬೇಡಿ. ಅದರಲ್ಲಿ ಸ್ಟೆರಾಯ್ಡ್ ಇರುತ್ತದೆ. ಮೊದಲ ವಾರ ಜಾದೂ, ಆಮೇಲೆ ಚರ್ಮ ತೆಳುವಾಗಿ, ರೋಗ ರೂಪ ಬದಲಿಸಿಕೊಂಡು ಕೂರುತ್ತದೆ.

ಅಡುಗೆ ಮನೆಯ ಮದ್ದು

ಮೆಂತ್ಯ ನನಗೆ ಇಷ್ಟದ್ದು. ಎರಡು ಚಮಚ ಮೆಂತ್ಯ ರಾತ್ರಿ ನೆನೆಹಾಕಿ, ಬೆಳಗ್ಗೆ ನುಣ್ಣಗೆ ರುಬ್ಬಿ, ನೆತ್ತಿಗೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಆಮೇಲೆ ಶಾಂಪೂ ಹಾಕಿ ತೊಳೆಯಿರಿ. ಅದರ ಲೋಳೆ ಗಟ್ಟಿ ಪದರವನ್ನು ಮೆತ್ತಗೆ ಮಾಡುತ್ತದೆ, ಉರಿಯನ್ನು ತಣಿಸುತ್ತದೆ. ಶಿಲೀಂಧ್ರವನ್ನು ಅದೊಂದೇ ಮುಗಿಸುತ್ತದೆ ಎಂದು ನಾನು ಹೇಳುವುದಿಲ್ಲ, ಶಾಂಪೂವಿಗೆ ದಾರಿ ಮಾಡಿಕೊಡುತ್ತದೆ. ಕಡಲೆ, ಕಡಲೆಕಾಯಿ ಅಲರ್ಜಿ ಇರುವವರಿಗೆ ಮೆಂತ್ಯವೂ ಒಗ್ಗದಿರಬಹುದು, ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ.

ಸಿರ್ಕಾ ಹಾಕುವುದಾದರೆ ಒಂದು ಪಾಲಿಗೆ ಐದು ಪಾಲು ನೀರು ಬೆರೆಸಿ, ತೊಳೆದ ಮೇಲೆ ಸುರಿದುಕೊಂಡು ಎರಡು ನಿಮಿಷದಲ್ಲಿ ಮತ್ತೆ ತೊಳೆಯಿರಿ. ಕೆರೆದು ಗಾಯವಾಗಿದ್ದರೆ ಬೇಡವೇ ಬೇಡ. ಸೀಗೆಕಾಯಿ, ಅಂಟುವಾಳ ಜಿಡ್ಡು ತೆಗೆಯುತ್ತವೆ, ಆದರೆ ಗಡಸು ನೀರಿನಲ್ಲಿ ಪುಡಿ ತಲೆಯಲ್ಲೇ ಉಳಿದು ಇನ್ನೊಂದು ತೊಂದರೆ. ಪುಡಿಯ ಬದಲು ನೆನೆಸಿ ಸೋಸಿದ ನೀರು ಬಳಸಿ.

ನಿಂಬೆಹಣ್ಣನ್ನು ಅರ್ಧಕ್ಕೆ ಕೊಯ್ದು ನೆತ್ತಿಗೆ ತಿಕ್ಕುವುದನ್ನು ನಿಲ್ಲಿಸಿ. ಉರಿಯುತ್ತದೆ, ಗಾಯಕ್ಕೆ ಇಳಿಯುತ್ತದೆ, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗುತ್ತದೆ. ಅಡುಗೆ ಸೋಡಾ ಕೂಡ ಬೇಡ. ಮೊಸರು ಹಚ್ಚಿದರೆ ನಷ್ಟವಿಲ್ಲ, ಲಾಭವೂ ಹೆಚ್ಚಿಲ್ಲ, ಮೊಸರನ್ನು ಊಟಕ್ಕೆ ಇಟ್ಟುಕೊಳ್ಳಿ ಎನ್ನುತ್ತೇನೆ. ಮೆಹಂದಿ ಹೊಟ್ಟಿಗೆ ಮದ್ದಲ್ಲ. ಈದ್ ಹತ್ತಿರ ಬಂದಾಗ ಸಿಗುವ ಕಪ್ಪು ಮೆಹಂದಿಯಲ್ಲಿ ಕೂದಲು ಬಣ್ಣದ ರಾಸಾಯನಿಕ ಬೆರೆಸಿರುತ್ತಾರೆ. ಕೆರಳಿದ ನೆತ್ತಿಗೆ ಅದು ತಾಗಿದರೆ ಮುಖವೆಲ್ಲ ಊದಿಕೊಳ್ಳಬಹುದು.

ಆಹಾರದ ಪಥ್ಯ ಕೇಳುತ್ತಾರೆ. ಮದ್ದೂರು ವಡೆ ತಿಂದರೆ ಹೊಟ್ಟು ಬರುವುದಿಲ್ಲ, ಬಿಟ್ಟರೆ ಹೋಗುವುದೂ ಇಲ್ಲ. ದಿನವೂ ಕರಿದದ್ದು, ಸಿಹಿ ತಿನ್ನುವುದು ಬೇರೆ ಕಾರಣಗಳಿಗಾಗಿ ಕೆಟ್ಟದ್ದು. ಆದರೆ ಪರೀಕ್ಷೆಯ ತಿಂಗಳಲ್ಲಿ ನಿದ್ದೆಗೆಟ್ಟು, ಗಾಬರಿಯಾಗಿ ಇದ್ದಾಗ ಹೊಟ್ಟು ಹೆಚ್ಚುವುದು ನಿಜ. ಡಿಸೆಂಬರ್ ಜನವರಿಯ ಒಣ ಚಳಿಯಲ್ಲೂ ಹೆಚ್ಚುತ್ತದೆ.

ಸ್ಕಾರ್ಫ್, ಟೋಪಿ

ಸ್ಕಾರ್ಫಿನಿಂದ ಹೊಟ್ಟು ಬರುತ್ತದೆ ಎಂದು ಕೆಲವರು ಹುಡುಗಿಯರನ್ನು ಹೆದರಿಸುತ್ತಾರೆ. ಬಟ್ಟೆಯಿಂದ ಹೊಟ್ಟು ಬರುವುದಿಲ್ಲ. ಆದರೆ ಒದ್ದೆ ಕೂದಲನ್ನು ಕಟ್ಟಿ, ಮೇಲೆ ಬೆವರು ಹೀರದ ಪಾಲಿಯೆಸ್ಟರ್ ಬಟ್ಟೆ ಸುತ್ತಿ ಸಂಜೆವರೆಗೆ ಇದ್ದರೆ ಇರುವ ಹೊಟ್ಟು ಹೆಚ್ಚುತ್ತದೆ. ಬೆಳಗ್ಗೆ ಏಳರ ಬಸ್ಸು ಹಿಡಿದು ಮಂಡ್ಯಕ್ಕೋ ಮೈಸೂರಿಗೋ ಹೋಗುವವರಿಗೆ ಬೆಳಗ್ಗೆ ತಲೆ ತೊಳೆದು ಒಣಗಿಸಲು ಸಮಯವೆಲ್ಲಿ? ಕಾಲೇಜಿನಿಂದ ಬಂದ ಕೂಡಲೇ, ಅಸರ್ ಹೊತ್ತಿಗೆ ತೊಳೆಯಿರಿ. ಮಗ್ರಿಬ್ ಹೊತ್ತಿಗೆ ಕೂದಲು ಬಿಚ್ಚಬಾರದು ಎನ್ನುವ ನಾನಿಮಾ ಇರುವ ಮನೆಯಲ್ಲೂ ಅಷ್ಟರೊಳಗೆ ಕೂದಲು ಆರಿರುತ್ತದೆ, ಜಗಳವೂ ಇಲ್ಲ. ಒಳಗೆ ಹತ್ತಿಯ ಕ್ಯಾಪ್ ಹಾಕಿ, ಅದನ್ನು ದಿನವೂ ಒಗೆಯಿರಿ. ಮನೆಗೆ ಬಂದ ಮೇಲೆ ಕೂದಲಿಗೆ ಗಾಳಿ ಬಿಡಿ.

ಹುಡುಗರಿಗೆ ಒಂದು ಮಾತು. ಮಸೀದಿಯ ಬಾಗಿಲಲ್ಲಿ ಬುಟ್ಟಿಯಲ್ಲಿಟ್ಟಿರುವ ಪ್ಲಾಸ್ಟಿಕ್ ಟೋಪಿ ಬಳಸಬೇಡಿ. ಅದರಿಂದ ಹೊಟ್ಟು ಹರಡುವುದಿಲ್ಲ ನಿಜ, ಹುಳುಕಡ್ಡಿ ಹರಡಬಹುದು. ಜೇಬಿನಲ್ಲಿ ಸ್ವಂತ ಟೋಪಿ ಇರಲಿ, ವಾರಕ್ಕೆರಡು ಸಲ ಒಗೆಯಿರಿ. ಹೆಲ್ಮೆಟ್ಟಿನ ಒಳಗಿನ ಬಟ್ಟೆಯನ್ನೂ ಬಿಡಿಸಿ ಒಗೆಯಬಹುದು, ಬಹಳ ಜನಕ್ಕೆ ಅದು ಗೊತ್ತೇ ಇಲ್ಲ.

ರಮಝಾನಿನಲ್ಲಿ ಮದ್ದು ನಿಲ್ಲಿಸಬೇಕೇ ಎಂದು ಪ್ರತಿ ವರ್ಷ ಕೇಳುತ್ತಾರೆ. ತಲೆ ತೊಳೆಯುವುದರಿಂದ ಉಪವಾಸ ಮುರಿಯುವುದಿಲ್ಲ, ಬಾಯಿಗೆ ಮೂಗಿಗೆ ನೀರು ಹೋಗದಂತೆ ನೋಡಿಕೊಂಡರಾಯಿತು. ಅಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ಇಫ್ತಾರ್ ಆದ ಮೇಲೆ ತೊಳೆಯಿರಿ, ತರಾವೀಹ್‌ಗೆ ಹೋಗುವ ಮುಂಚೆ ಒಣಗಿಸಿ.

ಇದು ಹೊಟ್ಟಲ್ಲ, ವೈದ್ಯರಿಗೆ ತೋರಿಸಿ

ಕೂದಲಿಗೆ ಅಂಟಿಕೊಂಡು, ಊದಿದರೂ ಕೊಡವಿದರೂ ಬಾರದ ಬಿಳಿ ಕಾಳಿದ್ದರೆ ಅದು ಹೇನಿನ ಸೀರು. ಅದಕ್ಕೆ ಪರ್ಮೆಥ್ರಿನ್ ಲೋಷನ್ ಇದೆ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು, ವಾರ ಹತ್ತು ದಿನಕ್ಕೆ ಮತ್ತೊಮ್ಮೆ ಹಾಕಬೇಕು. ದಯವಿಟ್ಟು ಸೀಮೆಎಣ್ಣೆ ಹಾಕಬೇಡಿ. ಒಲೆಯ ಹತ್ತಿರ ಹೋಗುವ ಮಗುವಿನ ತಲೆಗೆ ಸೀಮೆಎಣ್ಣೆ ಹಾಕುವುದು ಎಂಥ ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ.

ಚಿಕ್ಕ ಮಕ್ಕಳಲ್ಲಿ ದುಂಡಗೆ ಕೂದಲು ಉದುರಿ, ಅಲ್ಲಿ ಕೂದಲು ಮುರಿದ ಕಪ್ಪು ಚುಕ್ಕೆಗಳೋ ಕೀವೋ ಇದ್ದರೆ ಅದು ಹುಳುಕಡ್ಡಿ. ಶಾಂಪೂವಿಗೆ ಅದು ಹೋಗುವುದಿಲ್ಲ, ವಾರಗಟ್ಟಲೆ ಹೊಟ್ಟೆಗೆ ಮಾತ್ರೆ ಬೇಕು. ಬೆಳ್ಳಿಯಂಥ ದಪ್ಪ ಪದರ ಹಣೆಯ ಗಡಿ ದಾಟಿ ಬಂದು, ಮೊಣಕೈ ಮೊಣಕಾಲಿನಲ್ಲೂ ಇದ್ದರೆ ಸೋರಿಯಾಸಿಸ್ ಇರಬಹುದು. ನೆತ್ತಿಯಿಂದ ನೀರು ಸೋರುವುದು, ಕುತ್ತಿಗೆಯ ಹಿಂದೆ ಗಡ್ಡೆ ಸಿಗುವುದು, ಹುಬ್ಬು ಮತ್ತು ಮೂಗಿನ ಪಕ್ಕ ಕೆಂಪಾಗಿ ಪದರ ಏಳುವುದು, ಸರಿಯಾಗಿ ನಾಲ್ಕು ವಾರ ಔಷಧಿ ಶಾಂಪೂ ಹಾಕಿದರೂ ಬಗ್ಗದಿರುವುದು, ಇವೆಲ್ಲ ತೋರಿಸಬೇಕಾದವು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಯುನಾನಿ ಚಿಕಿತ್ಸೆಯೇ ಬೇಕೆನ್ನುವವರಿಗೆ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಿದೆ.

ಇನ್ನು ಆ ಹುಡುಗಿ. ಎಣ್ಣೆ ನಿಲ್ಲಿಸಲು ಅವಳ ದಾದಿಯನ್ನು ಒಪ್ಪಿಸುವುದೇ ಕಷ್ಟವಾಯಿತು. ಕೂದಲ ತುದಿಗೆ ಹಚ್ಚಿ ಎಂದು ರಾಜಿ ಮಾಡಿಕೊಂಡೆವು. ಐದು ವಾರ ಕಳೆದು ಬಂದಾಗ ಒಂದೇ ಸ್ಕಾರ್ಫ್ ಇತ್ತು, ನಾನು ಹೇಳುವ ಮೊದಲೇ ತೆಗೆದಳು. ನೆತ್ತಿ ತಿಳಿಯಾಗಿತ್ತು, ಕಿವಿಯ ಹಿಂದೆ ಸ್ವಲ್ಪ ಉಳಿದಿತ್ತು. ಮದ್ರಸಕ್ಕೆ ಮತ್ತೆ ಹೋಗುತ್ತಿದ್ದಾಳೆ. ಜೊತೆಯಲ್ಲಿ ಎಂಟು ವರ್ಷದ ತಮ್ಮನನ್ನು ಕರೆತಂದಿದ್ದಳು. ಅಕ್ಕನ ಶಾಂಪೂವನ್ನೇ ಅವನಿಗೂ ಹಾಕುತ್ತಿದ್ದರಂತೆ, ಹೋಗುತ್ತಿಲ್ಲವಂತೆ. ಟೋಪಿ ತೆಗೆಸಿ ನೋಡಿದರೆ ಹಿಂಬದಿಯಲ್ಲಿ ರೂಪಾಯಿ ಅಗಲದಷ್ಟು ಕೂದಲಿಲ್ಲ. ಅವನದು ಹುಳುಕಡ್ಡಿ. ಅಂದೇ ಮಿಮ್ಸ್‌ಗೆ ಚೀಟಿ ಬರೆದುಕೊಟ್ಟೆ.